ಎಡಗಾಲಿಯ ತಟ್ಟೆಗೆ ಸವರಿದ ಎಣ್ಣೆ

ಅಳಿಯಂದಿರೇ, ನಿಮ್ಮ ಗಾಡಿಯ ಹಿಂದಿನ ಎಡಗಾಲಿಯ ಬ್ರೇಕಿಗೆ ಎಣ್ಣೆ ಹಚ್ಚಿದವಳು ನಾನು. ನಿಮ್ಮ ಸೀಲು ಸೋರಲಿಲ್ಲ. ನಿಮ್ಮ ಬೆಸುಗೆ ತಪ್ಪಲಿಲ್ಲ. ನೀವು ಲೇತಿನಲ್ಲಿ ಕಡೆದದ್ದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಡಲೆಕಾಯಿ ಎಣ್ಣೆ, ನನ್ನ ಅಡುಗೆಮನೆಯದು. ಹಳೆ ಸೀರೆಯ ಚೂರನ್ನು ಅದರಲ್ಲಿ ಅದ್ದಿ ಬ್ರೇಕಿನ ತಟ್ಟೆಯ ಎರಡೂ ಮುಖಕ್ಕೆ ನಾನೇ ಸವರಿದೆ. ನನ್ನ ಮಗಳು ಸರೋಜಳ ತೋಳಿನ ಬಲ ಹೋದದ್ದು ಅದರಿಂದ. ನಿಮ್ಮ ಕಸುಬು ಹೋದದ್ದೂ ಅದರಿಂದ.

ಇಷ್ಟು ಬರೆದು ಎದ್ದು ಕುರಿಗಳಿಗೆ ನೀರು ಇಡಲು ಹೋದೆ. ತೊಟ್ಟಿ ತುಂಬೇ ಇತ್ತು. ಮತ್ತೆ ಬಂದು ಕೂತೆ. ಕೂತಲ್ಲಿ ಕೂರಲಾಗುವುದಿಲ್ಲ, ಎದ್ದರೆ ಮಾಡುವುದಕ್ಕೆ ಕೆಲಸವಿಲ್ಲ. ನನ್ನ ಓದು ನಿಮಗೆ ಗೊತ್ತೇ ಇದೆ, ಅಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ಮಾತು ಮಾತ್ರ ಸರಿ ಮಾಡಬೇಡಿ, ಅದು ಇದ್ದ ಹಾಗೇ ಇರಲಿ.

ಗೊತ್ತಿರುವುದನ್ನೇ ಈ ಮುದುಕಿ ಯಾಕೆ ಮತ್ತೆ ಹೇಳುತ್ತಾಳೆ ಅನ್ನಬೇಡಿ. ನಿಮ್ಮ ಕಡೆಯಿಂದ ನಿಮಗೆ ಗೊತ್ತು. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಗೊತ್ತಿಲ್ಲ.

ನೀವು ರಾಯದುರ್ಗದಿಂದ ನಮ್ಮ ಮನೆಗೆ ಬಂದಾಗ ನನಗೆ ಬೇಕಿದ್ದದ್ದು ಕುರಿ ಕಾಯುವ ಅಳಿಯ. ನನಗಿದ್ದವಳು ಸರೋಜ ಒಬ್ಬಳೇ, ಅವಳಪ್ಪ ಸತ್ತಿದ್ದ, ದೊಡ್ಡಿ ತುಂಬ ಕುರಿ. ಬಂದದ್ದು ಲೇತ್ ಕೆಲಸದವರು. ನಿಮ್ಮನ್ನು ಕಂಡರೆ ಕುರಿ ಚದುರುತ್ತಿದ್ದವು. ನೀವು ಅವುಗಳಿಗೂ ‘ಬರ್ರಿ, ಬರ್ರಿ’ ಅಂತ ಮರ್ಯಾದೆ ಕೊಟ್ಟು ಕರೆಯುತ್ತಿದ್ದಿರಿ. ಮಡಕಶಿರದಲ್ಲಿ ನಮ್ಮ ಬೀದಿಯವರು ಅದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆಮೇಲೆ ನೀವು ದೊಡ್ಡಿಯ ಪಕ್ಕದಲ್ಲಿ ತಗಡು ಹಾಕಿಕೊಂಡು ಆ ಗಾಡಿ ಕಟ್ಟಲು ಕೂತಿರಿ. ಹಳೆ ಜೀಪಿನ ಮೈ, ಯಾವುದೋ ಟೆಂಪೋದ ಹಿಂದಿನ ಗಾಲಿಗಳ ಅಚ್ಚು. ಅಚ್ಚು ಅಗಲವಾಯಿತು ಅಂತ ಎರಡೂ ಕಡೆ ಕತ್ತರಿಸಿ, ನೀವೇ ತುಂಡು ಕಡೆದು ಸೇರಿಸಿ ಬೆಸೆದಿರಿ. ಕುರಿ ತುಂಬಿಕೊಂಡು ಕೋಟೆಗುಡ್ಡದ ಕಡೆಯ ಇಳಿಜಾರು ಇಳಿದರೂ ಬ್ರೇಕು ಕಾದು ಕೈ ಕೊಡಬಾರದು, ಅದಕ್ಕೆ ಹಿಂದೆಯೂ ಡಿಸ್ಕ್ ಬ್ರೇಕೇ ಬೇಕು — ಇದು ನಿಮ್ಮ ಹಟ. ಈ ಒಂದು ಗಾಡಿ ಸರಿಯಾಗಿ ಓಡಿದರೆ ಸಂತೆಗೆ ಕುರಿ ಸಾಗಿಸುವವರೆಲ್ಲ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ಮಡಕಶಿರದಲ್ಲಿ ಸ್ವಂತ ಅಂಗಡಿ ಇಡಬಹುದು ಅಂತ ಸರೋಜ ಹೇಳುತ್ತಿದ್ದಳು. ನೀವು ಹೇಳಲಿಲ್ಲ. ನೀವು ಕೆಲಸ ಮಾಡುತ್ತಿದ್ದಿರಿ.

ನನ್ನ ತಮ್ಮ ಹನುಮಂತರಾಯ ದಿನಾ ಬಂದು ಗೋಡೆ ಮೇಲೆ ಕೂತು ಕೆಣಕುತ್ತಿದ್ದ.

“ಏನ್ರಪ್ಪಾ ಅಳಿಯಂದ್ರು, ಈ ಗಾಡಿ ಈ ಜನ್ಮದಾಗೆ ಎದ್ದು ಓಡ್ತೈತಾ?”

“ಓಡೋದು ದೊಡ್ಡದಲ್ರಿ ಮಾವ,” ಅಂದಿರಿ ನೀವು, ತಲೆ ಎತ್ತದೆ. “ನಿಲ್ಲೋದು ದೊಡ್ಡದು.”

“ನಮ್ ಸೀಮೇಲಿ ನಿಲ್ಸಕ್ಕೆ ಕಲ್ಲು ಕೊಡ್ತೀವಿ. ಗಾಲಿ ಕೆಳಗೆ ಇಟ್ರಾಯ್ತು.”

“ಕಲ್ಲು ಇಡಾಕ ನೀವು ಗಾಡಿ ಹಿಂದ ಓಡಿ ಬರ್ತೀರೇನ್ರಿ?”

ಅವತ್ತು ನಾನು ನಿಮ್ಮ ಪರವಾಗಿ ನಕ್ಕೆ. ಅದನ್ನೂ ಬರೆಯುತ್ತೇನೆ. ನಾನು ನಿಮ್ಮನ್ನು ದ್ವೇಷಿಸುತ್ತಿರಲಿಲ್ಲ. ದ್ವೇಷ ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತೇನೋ.

ಆ ಅಚ್ಚು ನೀವೇ ಮಾಡಿದ್ದು, ಹಾಗಾಗಿ ಅಂಗಡಿಯಲ್ಲಿ ಸಿಗುವ ಯಾವ ಸಾಮಾನೂ ಅದಕ್ಕೆ ಕೂರುತ್ತಿರಲಿಲ್ಲ. ತಟ್ಟೆ ಗಾಲಿಯ ಜೊತೆ ತಿರುಗಬೇಕು, ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಇಕ್ಕಳದಂಥದ್ದು — ಕ್ಯಾಲಿಪರ್ ಅಂತ ಏನೋ ಅನ್ನುತ್ತಿದ್ದಿರಿ — ತಿರುಗದೆ ಅಚ್ಚಿಗೆ ಕಚ್ಚಿಕೊಂಡು ನಿಲ್ಲಬೇಕು. ಕಚ್ಚಿಕೊಳ್ಳುವುದಕ್ಕೆ ಒಂದು ದಪ್ಪ ಪಟ್ಟಿ ಬೇಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿದಿರಿ, ಆಮೇಲೆ ತಗಡಿನಲ್ಲಿ, ಕೊನೆಗೆ ಕಬ್ಬಿಣದಲ್ಲಿ. ಕಂಬಳಿ ಹೊಲಿಯುವ ನನ್ನ ದಬ್ಬಣ ಕೇಳಿದಿರಿ. ಅದನ್ನು ಗೂಟಕ್ಕೆ ಕಟ್ಟಿ ತುದಿಯನ್ನು ತಟ್ಟೆಯ ಹತ್ತಿರ ತಂದು, ತಟ್ಟೆಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ, ನಡುವಿನ ಸಂದು ಎಲ್ಲಾದರೂ ಹೆಚ್ಚು ಕಡಿಮೆ ಆಗುತ್ತದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಿರಿ. ತಿರುಗಿಸುವುದು, ನೋಡುವುದು, ಬಿಚ್ಚುವುದು, ಮತ್ತೆ ಹಾಕುವುದು. ನಾನು ರಾಗಿ ಕೇರುತ್ತಾ ನೋಡುತ್ತಿದ್ದೆ. ಇಷ್ಟು ಎಚ್ಚರದವನು ಕುರಿ ಎಣಿಸುವಾಗ ಯಾಕೆ ತಪ್ಪುತ್ತಾನೆ ಅಂದುಕೊಂಡೆ.

ಈಗ ಆ ಬೆಳಗಿನದು.

ಹೇಮಾವತಿಯ ಸಿದ್ಧೇಶ್ವರನಿಗೆ ಗಾಡಿ ತೋರಿಸಿ ಪೂಜೆ ಮಾಡಿಸಿಕೊಂಡು ಬರುವುದು ಅಂತ ಆಗಿತ್ತು. ಹಿಂದಿನ ಸಂಜೆ ತುಂತುರು ಬಿದ್ದಿತ್ತು. ನೀವು ಬೆಳಿಗ್ಗೆ ಏನೋ ಇನ್ನೊಂದು ಸಲ ನೋಡಬೇಕು ಅಂತ ಎಡಗಾಲಿ ಬಿಚ್ಚಿಟ್ಟು, ಸ್ನಾನಕ್ಕೆ ಹೋಗಿದ್ದಿರಿ. ಗಾಡಿ ಕಲ್ಲಿನ ಮೇಲೆ ನಿಂತಿತ್ತು. ನಾನು ಸಗಣಿ ಬಾಚಲು ಬಂದವಳು ನೋಡಿದೆ — ದೇವರ ತಟ್ಟೆಯ ಹಾಗೆ ಹೊಳೆಯುತ್ತಿದ್ದ ಆ ಬ್ರೇಕ್ ತಟ್ಟೆಗೆ ಕೆಂಪು ಹತ್ತಿತ್ತು. ತುಕ್ಕು. ಹೊಸ ಕಬ್ಬಿಣಕ್ಕೆ, ದೇವರ ಹತ್ತಿರ ಹೋಗುವ ದಿನ.

ನಮ್ಮ ಮನೆಯಲ್ಲಿ ಕಬ್ಬಿಣ ಬರೀ ಮೈಯಲ್ಲಿ ಇರುವುದಿಲ್ಲ. ಉಣ್ಣೆ ಕತ್ತರಿಸುವ ಕತ್ತರಿ, ಕುಡುಗೋಲು, ಗುದ್ದಲಿ, ಹಾರೆ — ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿಯೇ ಇಡುವುದು. ಆಯುಧಪೂಜೆಯಲ್ಲಿ ಎಣ್ಣೆ ಸವರಿದ ಮೇಲೇ ಕುಂಕುಮ. ನನ್ನ ಅತ್ತೆ ನನಗೆ ಕೆನ್ನೆಗೆ ಹೊಡೆದು ಕಲಿಸಿದ್ದು ಇದು. ಒಳಗೆ ಹೋದೆ, ಒಗ್ಗರಣೆಯ ಎಣ್ಣೆ ತಂದೆ. ಈ ಮುಖ, ಆ ಮುಖ, ಚೆನ್ನಾಗಿ ತಿಕ್ಕಿದೆ. ಕೆಂಪು ಹೋಯಿತು. ಮತ್ತೆ ಹೊಳೆಯಿತು. ಒಣಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದೆ, ಮಣ್ಣು ಅಂಟಬಾರದು ಅಂತ. ಬಲಗಾಲಿ ಹಾಕಿಯೇ ಇತ್ತು, ಅದರ ತಟ್ಟೆಗೆ ಕೈ ಹೋಗಲಿಲ್ಲ. ಹೋಗಿದ್ದರೆ ಅದಕ್ಕೂ ಸವರುತ್ತಿದ್ದೆ.

ನೀವು ಬಂದು ಗಾಲಿ ಹಾಕಲು ಕೂತಿರಿ. ತಟ್ಟೆಯನ್ನು ಒಂದು ಗಳಿಗೆ ನೋಡಿದಿರಿ, ಅದು ನನಗೆ ನೆನಪಿದೆ. ಬಗ್ಗಿ ನೋಡುತ್ತಿದ್ದಿರೋ ಏನೋ — ಅಷ್ಟರಲ್ಲಿ ನಾನೇ ಕೂಗಿದೆ: “ರಾಹುಕಾಲ ಬಂದ್ ಬಿಡ್ತೈತೆ, ಎಷ್ಟೊತ್ತು ಅದೇ ಗಾಲೀನ ನೋಡ್ತೀರಾ? ಹಾಕಿ ಹೊರಡ್ರಪ್ಪಾ!” ನೀವು ಹಾಕಿ ಹೊರಟಿರಿ.

ಮುಂದೆ ನೀವು, ನಿಮ್ಮ ಎಡಕ್ಕೆ ಸರೋಜ, ಹಿಂದೆ ನಾನು ಮತ್ತು ಹಣ್ಣುಕಾಯಿ ಬುಟ್ಟಿ. ಊರು ಬಿಟ್ಟು ಕೆರೆಯ ಏರಿಯ ಮೇಲೆ ಬರುವವರೆಗೆ ಮೆಲ್ಲಗೇ ಹೋದಿರಿ. ಏರಿಯ ಇಳಿಜಾರಿನಲ್ಲಿ ಮೆತ್ತಗೆ ಬ್ರೇಕು ಒತ್ತುತ್ತಾ ಬಂದಿರಿ. ಆಗ ಬಂತು ಆ ವಾಸನೆ. ಕಾದ ಬಾಣಲೆಯ ವಾಸನೆ. ಸರೋಜ ಮೂಗು ಎಳೆದು, “ಯಾರೋ ವಡೆ ಕರೀತಾವ್ರೆ,” ಅಂತ ನಕ್ಕಳು. ಸುತ್ತ ಮನೆಯೇ ಇರಲಿಲ್ಲ. ಅದು ನಾನು ಸವರಿದ ಎಣ್ಣೆ ಅಂತ ನನಗೆ ಹೊಳೆಯಿತು, ಹೊಳೆದೂ ಬುಟ್ಟಿ ಹಿಡಿದುಕೊಂಡು ಕೂತೆ. ‘ನಿಲ್ಲಿಸ್ರಿ’ ಅನ್ನಬಹುದಿತ್ತು. ಅಂದಿದ್ದರೆ —

ಎಮ್ಮೆ ಅಡ್ಡ ಬಂತು. ನೀವು ಜೋರಾಗಿ ಒತ್ತಿದಿರಿ. ಬಲಗಾಲಿ ಹಿಡಿಯಿತು, ಎಡಗಾಲಿ ಹಿಡಿಯಲಿಲ್ಲ. ಗಾಡಿ ಗರ್ರನೆ ಬಲಕ್ಕೆ ತಿರುಗಿ ರಸ್ತೆಗೆ ಅಡ್ಡವಾಗಿ ಜಾರಿತು. ಸರೋಜ ಕೂತಿದ್ದ ಮಗ್ಗುಲು ಏರಿಯ ಕಲ್ಲುಕಂಬಕ್ಕೆ ಬಡಿಯಿತು. ಎಮ್ಮೆಗೆ ಏನೂ ಆಗಲಿಲ್ಲ. ನನಗೆ ಒಂದು ಗೀರೂ ಆಗಲಿಲ್ಲ.

ಹಿಂದೂಪುರದ ಆಸ್ಪತ್ರೆಯಲ್ಲಿ ಅವಳ ತೋಳಿಗೆ ಕಬ್ಬಿಣದ ಪಟ್ಟಿ ಹಾಕಿದರು. ಎಚ್ಚರವಾದಾಗ ಅವಳು ಮೊದಲು ಆಡಿದ ಮಾತು ನಿಮಗೂ ನೆನಪಿರಬೇಕು.

“ಅಮ್ಮ, ವಡೆ ಕರಿದಂಗೆ ವಾಸ್ನೆ ಬಂತಲ್ಲ, ನಿಂಗೂ ಬಂತಲ್ಲ?”

ನೀವು ತಲೆ ಎತ್ತಿ ನನ್ನ ಮುಖ ನೋಡಿದಿರಿ. ನಾನು ಅಂದೆ: “ತಲೆಗೆ ಪೆಟ್ಟು ಬಿದ್ದೈತೆ, ಏನೇನೋ ಅಂತಾಳೆ. ಮಾತಾಡಿಸ್ಬೇಡ್ರಿ.”

ಅವಳ ತಲೆಗೆ ಪೆಟ್ಟೇ ಬಿದ್ದಿರಲಿಲ್ಲ. ಹೆತ್ತ ಮಗಳ ನೆಟ್ಟಗಿನ ಬುದ್ಧಿಯನ್ನು ಕೆಟ್ಟಿದೆ ಅಂತ ನಾನು ಹೇಳಿದೆ. ಆಮೇಲೆ ಅವಳು ಆ ವಾಸನೆಯ ಮಾತು ಎತ್ತಿದಾಗಲೆಲ್ಲ ನಾನು ನಿಮ್ಮ ಕಡೆ ನೋಡಿ ತಲೆ ಆಡಿಸುತ್ತಿದ್ದೆ, ಪಾಪ ಅನ್ನುವ ಹಾಗೆ. ಸ್ವಲ್ಪ ದಿನಕ್ಕೆ ಅವಳೇ ಬಿಟ್ಟುಬಿಟ್ಟಳು. ಎಣ್ಣೆ ಸವರಿದ್ದಕ್ಕಿಂತ ಇದು ಕೀಳು ಕೆಲಸ. ಅದು ಬಟ್ಟೆಯಲ್ಲಿ ಮಾಡಿದ್ದು, ಇದು ನಾಲಿಗೆಯಲ್ಲಿ ಮಾಡಿದ್ದು.

ಗಾಡಿಯನ್ನು ಎಳೆಸಿಕೊಂಡು ಬಂದು ದೊಡ್ಡಿ ಮುಂದೆ ನಿಲ್ಲಿಸಿದರು. ನೀವು ಊಟ ಬಿಟ್ಟು ಬಿಚ್ಚಲು ಕೂತಿರಿ. ಬೀದಿಯವರೆಲ್ಲ ಸುತ್ತ ನಿಂತಿದ್ದರು. ಹನುಮಂತರಾಯ ಆವತ್ತು ಕೆಣಕುವ ದನಿಯಲ್ಲಿ ಮಾತಾಡಲಿಲ್ಲ, ಬೈಯುವ ದನಿಯಲ್ಲೇ ಆಡಿದ: “ಕಂಪ್ನಿಯೋರು ಮಾಡಿದ್ ಅಚ್ಚು ಕತ್ತರ್ಸಿ, ಕಂಪ್ನಿಯೋರು ಮಾಡಿದ್ ಬ್ರೇಕು ಕಿತ್ತು… ನಮ್ ಹುಡ್ಗಿ ಕೈಗೆ ಬಂತು ನಿನ್ ಇಂಜಿನಿಯರಿಕೆ!” ನೀವು ಅಂತ ಕರೆಯುತ್ತಿದ್ದವನು ನೀನು ಅಂದ. ನೀವು ತಿರುಗಿ ನೋಡಲಿಲ್ಲ.

ಎಡಗಾಲಿಯ ತಟ್ಟೆಯನ್ನು ಒತ್ತುವ ಬ್ರೇಕ್ ಪ್ಯಾಡು ಜಿಡ್ಡಾಗಿ ಕರಕಲಾಗಿ ಹೊಳೆಯುತ್ತಿತ್ತು. ಬೆರಳಲ್ಲಿ ಉಜ್ಜಿದಿರಿ, ಮೂಸಿದಿರಿ. ಅಚ್ಚಿನೊಳಗಿನ ಗೇರು ಎಣ್ಣೆ, ಅದನ್ನು ತಡೆಯುವ ಸೀಲಿನಿಂದ ಸೋರಿ ತಟ್ಟೆಗೆ ಬಿದ್ದಿರಬೇಕು ಅಂದಿರಿ. ಸೀಲು ಕೂರುವ ಜಾಗ ನೀವೇ ಕಡೆದದ್ದು. ಸೀಲು ತೆಗೆದು ನೋಡಿದಿರಿ. ಅದರ ಸುತ್ತ ಒಣಗಿತ್ತು. ಬೆಳಕಿಗೆ ಹಿಡಿದಿರಿ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಿರಿ. ಆಮೇಲೆ ನನ್ನನ್ನು ಕೇಳಿದಿರಿ. ಎಲ್ಲರ ಎದುರಿಗೆ, ಮೆತ್ತಗೆ ಕೇಳಿದಿರಿ:

“ಅತ್ತಿ, ಇಲ್ಲಿ ಎಣ್ಣಿ ಗಿಣ್ಣಿ ಏನರ ಚೆಲ್ಲಿತ್ತೇನ್ರಿ?”

ನಾನು ಅಂದೆ: “ಇಲ್ಲಪ್ಪ. ಎಣ್ಣೆ ಯಾರು ಚೆಲ್ತಾರೆ?”

ಚೆಲ್ಲಿರಲಿಲ್ಲ. ಸವರಿದ್ದೆ. ನೀವು ‘ಸವರಿದ್ರೇನ್ರಿ’ ಅಂತ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನೀವು ಕೇಳಲಿಲ್ಲ, ನಾನು ಆ ಒಂದು ಮಾತಿನ ಸಂದಿಯಲ್ಲಿ ನುಸುಳಿಕೊಂಡೆ. ಇಷ್ಟು ವರ್ಷ ಅಲ್ಲೇ ಕೂತಿದ್ದೆ. ಸುಳ್ಳು ಹೇಳಿಲ್ಲವಲ್ಲ, ಚೆಲ್ಲಿಲ್ಲ ಅಂದದ್ದು ನಿಜವಲ್ಲವೇ ಅಂತ ನನಗೆ ನಾನೇ… ಥೂ.

ಬೀದಿಯವರ ಬಾಯಿಗೆ ಹೆದರಿದೆ. ಹನುಮಂತರಾಯನ ಬಾಯಿಗೆ ಹೆದರಿದೆ. ಸರೋಜ ಎದ್ದು ನನ್ನ ಮುಖ ನೋಡಿದರೆ ಏನು ಗತಿ ಅಂತ ಹೆದರಿದೆ. ಇನ್ನೊಂದೂ ಇತ್ತು. ಎಲ್ಲರೂ ನಿಮ್ಮನ್ನು ಬೈಯುತ್ತಿದ್ದಾಗ, ನನ್ನನ್ನು ಯಾರೂ ನೋಡುತ್ತಿಲ್ಲ ಅನ್ನುವುದು ಹಾಯಾಗಿತ್ತು. ಬಿಸಿಲಲ್ಲಿ ಬಂದು ನೆರಳಿಗೆ ನಿಂತ ಹಾಗೆ.

ಅವತ್ತು ಕತ್ತಲಾಗುವ ಮುಂಚೆ ನೀವು ಸ್ಪ್ಯಾನರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಹೇಳಿದಿರೋ ನಿಮಗೆ ನೀವೇ ಹೇಳಿಕೊಂಡಿರೋ — “ತಪ್ಪು ಎಲ್ಲಿ ಆತು ಅಂತ ಸಿಕ್ಕಿದ್ರ ತಿದ್ದಿಕೊಂತಿದ್ದೆ. ಸಿಗವಲ್ದು. ತನ್ನ ತಪ್ಪು ತನಗ ಕಾಣದವ ಇನ್ನೊಬ್ಬರ ಜೀವ ಕೂಡ್ರೋ ಗಾಡಿ ಮುಟ್ಟಬಾರದ್ರಿ.”

ಸಿಗುವುದು ಹೇಗೆ? ಅದು ನನ್ನ ಹತ್ತಿರ ಇತ್ತು.

ನೀವು ಸರೋಜಳನ್ನು ಕರೆದುಕೊಂಡು ರಾಯದುರ್ಗಕ್ಕೆ ಹೋದಿರಿ. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಒತ್ತುವ ಕೆಲಸ ಹಿಡಿದಿರಿ. ಅವಳ ತೋಳು ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಅವಳ ಜಡೆ ದಿನಾ ನೀವೇ ಹಾಕುತ್ತೀರಿ. ಆ ಜಡೆ ನಾನು ಹಾಕುತ್ತಿದ್ದುದಕ್ಕಿಂತ ಬಿಗಿಯಾಗಿ ಬರುತ್ತದೆ. ನೋಡಿದ್ದೇನೆ.

ಮೊನ್ನೆ ಬಂದಿದ್ದೆನಲ್ಲ, ಆವಾಗ. ನಿಮ್ಮ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ವಾಷರ್ ಹಾಕಿದರೆ ಆಯಿತು, ಅಷ್ಟು ನನಗೂ ಗೊತ್ತು. ನೀವು ಸರೋಜಳಿಗೆ ‘ಯಾರನ್ನಾರ ಕರಸು’ ಅಂದಿರಿ. ಕಬ್ಬಿಣ ಕತ್ತರಿಸಿ ಸೇರಿಸಿದ ಕೈ ನಲ್ಲಿಯನ್ನು ಮುಟ್ಟಲಿಲ್ಲ. ಅದೇ ಹೊತ್ತಿಗೆ ಬೆಳುಗುಪ್ಪದವರೊಬ್ಬರು ನಿಮ್ಮನ್ನು ಕೇಳಿಕೊಂಡು ಬಂದರು. ಗಾಡಿ ಕಟ್ಟಿಸುತ್ತಿದ್ದಾರಂತೆ, ಹಿಂದಿನ ಅಚ್ಚಿಗೆ ಡಿಸ್ಕ್ ಬ್ರೇಕು ಕೂರಿಸಬೇಕಂತೆ.

“ನಿಮ್ಮ ಕೈಕೆಲಸ ನೋಡೀನ್ರಿ, ಲೇತಿನ ಅಂಗಡ್ಯಾಗ ಇದ್ದಾಗ. ನೀವು ಬಿಟ್ರ ಬ್ಯಾರೆ ಯಾರ್ ಮಾಡ್ತಾರ್ರಿ?”

“ಆ ಕೈ ಮ್ಯಾಲ ನನಗ ನಂಬಿಕಿ ಇಲ್ರಿ ಯಜಮಾನ್ರ. ನೀವು ಯಾಕ ಇಡ್ತೀರಿ?”

“ಒಮ್ಮೆ ಬಂದು ನೋಡ್ರಿ ಸಾಕು.”

“ನೋಡಾಕೂ ಬರಂಗಿಲ್ರಿ.”

ನಾನು ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಸುಲಿದೆ. ಎಲ್ಲಾ ಸುಲಿದು ಮುಗಿಸಿ, ಊಟ ಮಾಡಿ, ಮಾರನೇ ದಿನದ ಬಸ್ಸಿಗೆ ಬಂದೆ. ಅವತ್ತಿನಿಂದ ಹೀಗೆ — ಕೂತರೆ ಏಳಬೇಕು, ಎದ್ದರೆ ಕೂರಬೇಕು. ದೊಡ್ಡಿಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತು ವಾಪಸು ಬರುತ್ತೇನೆ.

ಇಲ್ಲಿಗೆ ನಿಲ್ಲಿಸೋಣ ಅಂತಿದ್ದೆ. ನಿಲ್ಲಿಸಿ, ಮಡಿಸಿ, ಮತ್ತೆ ಬಿಚ್ಚಿದೆ. ಇನ್ನೊಂದು ಉಳಿದಿದೆ. ಇದನ್ನು ಬಿಟ್ಟು ಬರೆದರೆ ನೀವು ಏನು ತಿಳಿಯುತ್ತೀರಿ ಅಂತ ನನಗೆ ಗೊತ್ತು: ಪಾಪ, ಹಳ್ಳಿ ಹೆಂಗಸು, ಗೊತ್ತಿಲ್ಲದೆ ಮಾಡಿದಳು. ಆ ‘ಪಾಪ’ ಅನ್ನುವ ಮಾತು ನನಗೆ ಬೇಕಾಗಿತ್ತು. ಅದಕ್ಕೇ ಮೇಲೆ ಹಾಗೆ ಬರೆದೆ, ಅತ್ತೆ ಕಲಿಸಿದ್ದು, ಕೆನ್ನೆಗೆ ಹೊಡೆದದ್ದು ಅಂತೆಲ್ಲ.

ಗೊತ್ತಿತ್ತು. ತಟ್ಟೆಗಳು ಕೂತ ದಿನ ನೀವು ನಮ್ಮನ್ನೆಲ್ಲ ಕರೆದು ತೋರಿಸಿದಿರಿ. “ಇದು ಡ್ರಮ್ ಬ್ರೇಕಿನಂಗ ಮುಚ್ಚಿರೋದಲ್ರಿ, ಬಯಲಾಗ ಇರೋ ಬ್ರೇಕು. ನೀರು ಬಿದ್ರ ಚಿಂತಿಲ್ಲ, ತುಕ್ಕು ಬಂದ್ರ ಮೊದಲ್ನೇ ಸಲ ಒತ್ತಿದಾಗ ತಾನ ಹೋಗ್ತೈತಿ. ಎಣ್ಣಿ ಜಿಡ್ಡು ಮಾತ್ರ ತಾಗಬಾರದು,” ಅಂದಿರಿ. ನಾನು ಎದುರಿಗೇ ನಿಂತಿದ್ದೆ, ಕಿವಿ ಚೆನ್ನಾಗಿಯೇ ಇತ್ತು. ಎಣ್ಣೆ ಕಾಣದ ಕಬ್ಬಿಣ ಎಲ್ಲಾದರೂ ಉಂಟೇ, ಕುರಿ ಎಣಿಸಲು ಬಾರದವನು ನನಗೆ ಕಬ್ಬಿಣದ ವಿಷಯ ಹೇಳುತ್ತಾನೆ ಅಂದುಕೊಂಡೆ. ಆ ಬೆಳಿಗ್ಗೆ ಬಟ್ಟೆ ಎಣ್ಣೆಗೆ ಅದ್ದುವಾಗ ನಿಮ್ಮ ಮಾತು ನೆನಪಿಗೆ ಬಂತು. ಬಂದೂ ಸವರಿದೆ. ನಿಮಗಿಂತ ನನಗೆ ಗೊತ್ತು ಅಂತ ಸವರಿದೆ.

ಈಗ ಎಲ್ಲಾ ಆಯಿತು. ಇನ್ನೇನೂ ಉಳಿದಿಲ್ಲ.

ಇಷ್ಟು ಬರೆದಿಟ್ಟ ಮೇಲೆ, ಈ ಬೆಳಿಗ್ಗೆ ಫೋನು ಮಾಡಿ ಸರೋಜಳಿಗೆ ಹೇಳಿದೆ. ಅವಳಿಗೆ ಮೊದಲು ಹೇಳಬೇಕಾಗಿತ್ತು, ತೋಳು ಅವಳದು.

“ಹಂಗಾದ್ರೆ ನನ್ ತಲೆ ನೆಟ್ಟಗೇ ಇತ್ತು,” ಅಂದಳು.

“ಇತ್ತು.”

“ಎಷ್ಟು ವರ್ಷ, ಯಾವ್ದೇ ಮಾತು ಹೇಳಕ್ ಮುಂಚೆ ಇದು ದಿಟಾನಾ, ನಂಗೇ ಹಂಗ್ ಅನ್ಸಿದ್ದಾ ಅಂತ… ನಿಂಗೆ ಗೊತ್ತಾ ಅಮ್ಮ ಅದು ಹೆಂಗಿರುತ್ತೆ ಅಂತ?”

ನಾನು ಫೋನು ಹಿಡಿದೇ ಎದ್ದು ದೊಡ್ಡಿಯ ಬಾಗಿಲಿಗೆ ಹೋದೆ.

“ಅವ್ರಿಗೆ ನಾನು ಹೇಳಲ್ಲ,” ಅಂದಳು. “ಬರ್ದು ಕಳಿಸ್ಲೂ ಬೇಡ. ನೀನೇ ಬಂದು ಹೇಳು.” ಇಟ್ಟಳು.

ಹಾಗಾಗಿ ಇದನ್ನು ಕಳಿಸುವುದಿಲ್ಲ, ತರುತ್ತೇನೆ. ಬಾಯಲ್ಲಿ ಹೇಳಲು ಬಿಟ್ಟರೆ ನಾನು ಮತ್ತೆ ಯಾವುದಾದರೂ ಮಾತಿನ ಸಂದಿ ಹುಡುಕುತ್ತೇನೆ, ನನಗೆ ನನ್ನ ನಾಲಿಗೆ ಗೊತ್ತು. ಬರೆದದ್ದನ್ನು ಓದಿದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಪಾವಗಡದಲ್ಲಿ ಬಸ್ಸು ಬದಲಿಸಬೇಕು. ಹನುಮಂತರಾಯನಿಗೂ ‘ಹೊರಡು, ಬಾ’ ಅಂದಿದ್ದೇನೆ. ಯಾಕೆ ಅಂತ ಹೇಳಿಲ್ಲ. ನಿಮ್ಮ ಬೀದಿಯವರೂ ಕೇಳಲಿ. ನಮ್ಮ ಬೀದಿಗೆ ವಾಪಸು ಬಂದ ಮೇಲೆ ಅಲ್ಲಿಯೂ ನಿಂತು ಓದುತ್ತೇನೆ.

ಕ್ಷಮಿಸಿ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಅದು ನನಗಾಗಿ ಕೇಳುವುದು. ನಿಮಗೆ ಬೇಕಾದದ್ದು ಬೇರೆ, ತಪ್ಪು ಎಲ್ಲಿ ಆಯಿತು ಅನ್ನುವುದು. ಅದನ್ನು ತಂದು ನಿಮ್ಮ ಮುಂದೆ ಇಡುತ್ತೇನೆ. ಆಮೇಲೆ ನೀವು ಬೈಯಿರಿ, ಬಾಗಿಲು ಹಾಕಿಕೊಳ್ಳಿ. ಬಾಗಿಲು ಹಾಕಿಕೊಂಡರೆ ಹೊರಗೆ ಮೆಟ್ಟಿಲ ಮೇಲೆ ನಿಂತು ಓದುತ್ತೇನೆ, ಒಳಗೆ ಕೇಳಿಸುವಷ್ಟು ಜೋರಾಗಿ.